‘ಮುಗಿದುಬಿಡಲಿ’ ಎನ್ನುವ ಗುಟ್ಟು

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನು ಕೇಳಿಕೊಂಡು ಬರೆದಿದ್ದೇನೆ. ನಡುವೆ ಕರೆಂಟ್ ಹೋಗಿ ಮೈಕಿಲ್ಲದೆ ಮಾತಾಡಿದ ಭಾಗ ಮಾತ್ರ ನೆನಪಿನಿಂದ.)

ಎಲ್ಲರಿಗೂ ನಮಸ್ಕಾರ. ಹದಿಹರೆಯದವರು ಓದುವಂಥ ಒಂದು ಪುಸ್ತಕದ ಬಗ್ಗೆ ಮಾತಾಡಿ ಅಂತ ಕರೆದರು. ನಾನು ಆರಿಸಿಕೊಂಡದ್ದು ತಾಯಿ ಸಾಯುವ ಕಥೆ. ಕರೆದವರ ಮುಖ ನೋಡಿದರೆ, ಮೊದಲೇ ಕೇಳಿಕೊಳ್ಳಬೇಕಿತ್ತು ಅನ್ನುವ ಹಾಗಿದೆ. ಇರಲಿ, ಚಹಾ ಬರುವ ಹೊತ್ತಿಗೆ ಮುಗಿಸುತ್ತೇನೆ.

ಪುಸ್ತಕದ ಹೆಸರು ‘ಎ ಮಾನ್‌ಸ್ಟರ್ ಕಾಲ್ಸ್’. 2011ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಬರೆದವನು ಪ್ಯಾಟ್ರಿಕ್ ನೆಸ್, ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದವನು. ಆದರೆ ಕಥೆ ಹೊಳೆದದ್ದು ಅವನಿಗಲ್ಲ, ಶಿವಾನ್ ಡೌಡ್ ಎನ್ನುವ ಲೇಖಕಿಗೆ. ಐರಿಷ್ ತಂದೆತಾಯಿಯ ಮಗಳು, ಲಂಡನ್ನಿನಲ್ಲಿ ಹುಟ್ಟಿದವಳು. ಬಹಳ ವರ್ಷ ‘ಪೆನ್’ ಎನ್ನುವ ಲೇಖಕರ ಸಂಸ್ಥೆಯಲ್ಲಿ, ಜೈಲಿಗೆ ಹಾಕಲ್ಪಟ್ಟ ಬರಹಗಾರರ ಪರವಾಗಿ ಕೆಲಸ ಮಾಡಿದಳು. ಮೊದಲ ಕಾದಂಬರಿ ಬಂದದ್ದು 2006ರಲ್ಲಿ. 2007ರ ಆಗಸ್ಟಿನಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ಆಗ ವಯಸ್ಸು 47. ಅವಳು ಬದುಕಿರುವಾಗ ಬಂದದ್ದು ಎರಡೇ ಕಾದಂಬರಿ, ಸತ್ತ ಮೇಲೆ ಇನ್ನೆರಡು. ಆ ಎರಡರಲ್ಲಿ ಒಂದಕ್ಕೆ 2009ರಲ್ಲಿ ಕಾರ್ನೆಗಿ ಪದಕವೂ ಬಂತು. ಇಂಗ್ಲೆಂಡಿನಲ್ಲಿ ಮಕ್ಕಳ ಪುಸ್ತಕಕ್ಕೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಇನ್ನೊಂದು ಕಥೆ ಅವಳ ತಲೆಯಲ್ಲಿತ್ತು. ಪಾತ್ರಗಳಿದ್ದವು, ಆರಂಭ ಇತ್ತು, ಮುಂದಕ್ಕೆ ಬರೆಯಲು ದಿನಗಳಿರಲಿಲ್ಲ. ಇಬ್ಬರ ಪುಸ್ತಕಗಳನ್ನೂ ನೋಡಿಕೊಳ್ಳುತ್ತಿದ್ದ ಸಂಪಾದಕಿ ಅದನ್ನು ತಂದು ನೆಸ್ ಕೈಗೆ ಕೊಟ್ಟಳು. ನೆಸ್ ಮತ್ತು ಡೌಡ್ ಒಮ್ಮೆಯೂ ಭೇಟಿಯಾದವರಲ್ಲ. ನೆಸ್ ಮಾಡಿದ ಒಳ್ಳೆಯ ಕೆಲಸ ಏನೆಂದರೆ, ಅವಳ ದನಿಯನ್ನು ಅನುಕರಿಸುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದು. ಸತ್ತವರ ದನಿಯಲ್ಲಿ ಮಾತಾಡಲು ಹೊರಟರೆ ಅದು ಮಿಮಿಕ್ರಿ ಆಗುತ್ತದೆ. ಅವಳು ಕೊಟ್ಟ ಬೀಜ ತನ್ನ ಮಣ್ಣಿನಲ್ಲಿ ಹೇಗೆ ಬೆಳೆಯುತ್ತದೋ ಹಾಗೆ ಬೆಳೆಯಲಿ ಅಂತ ಬಿಟ್ಟ. ಜಿಮ್ ಕೇ ಎನ್ನುವ ಕಲಾವಿದ ಕಪ್ಪು ಬಿಳುಪಿನ ಚಿತ್ರ ಬರೆದ. 2012ರಲ್ಲಿ ಬರವಣಿಗೆಗೆ ಕಾರ್ನೆಗಿ, ಚಿತ್ರಕ್ಕೆ ಕೇಟ್ ಗ್ರೀನವೇ, ಎರಡೂ ಪದಕ ಈ ಒಂದೇ ಪುಸ್ತಕಕ್ಕೆ ಬಂದವು. ಅದಕ್ಕೆ ಮೊದಲು ಹಾಗೆ ಆಗಿರಲಿಲ್ಲ.

ಕಥೆ ಹೇಳುತ್ತೇನೆ. ಕೊನೆ ಹೇಳಬೇಡಿ ಅನ್ನುವವರು ಈಗಲೇ ಹೊರಗೆ ಹೋಗಿ ಚಹಾ ಕುಡಿಯಬಹುದು.

ಕಾನರ್ ಅಂತ ಹದಿಮೂರು ವರ್ಷದ ಹುಡುಗ. ಅವನ ಅಪ್ಪ, ಅಮ್ಮನನ್ನು ಬಿಟ್ಟು ಹೋಗಿ ಅಮೆರಿಕದಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಅಮ್ಮನಿಗೆ ಕ್ಯಾನ್ಸರ್, ಚಿಕಿತ್ಸೆ ನಡೆಯುತ್ತಿದೆ, ತಲೆಗೂದಲು ಉದುರಿದೆ. ಹುಡುಗ ತಾನೇ ಎದ್ದು ತಿಂಡಿ ಮಾಡಿಕೊಂಡು, ಪಾತ್ರೆ ತೊಳೆದು, ಕಸ ಹೊರಗಿಟ್ಟು ಶಾಲೆಗೆ ಹೋಗುತ್ತಾನೆ. ಮನೆಯ ಹಿಂದೆ ಗುಡ್ಡ, ಗುಡ್ಡದ ಮೇಲೆ ಚರ್ಚು, ಚರ್ಚಿನ ಸ್ಮಶಾನದಲ್ಲಿ ಒಂದು ದೊಡ್ಡ ಯೂ ಮರ. ಒಂದು ರಾತ್ರಿ 12 ಗಂಟೆ 7 ನಿಮಿಷಕ್ಕೆ ಆ ಮರ ಎದ್ದು ನಡೆದು ಬಂದು ಅವನ ಕಿಟಕಿಯ ಹತ್ತಿರ ನಿಲ್ಲುತ್ತದೆ. ಹುಡುಗ ಹೆದರುವುದಿಲ್ಲ. ಇದಕ್ಕಿಂತ ಕೆಟ್ಟದ್ದನ್ನು ನೋಡಿದ್ದೇನೆ ಅನ್ನುತ್ತಾನೆ. ಅವನಿಗೆ ದಿನಾ ರಾತ್ರಿ ಒಂದು ಕೆಟ್ಟ ಕನಸು ಬೀಳುತ್ತಿರುತ್ತದೆ. ಅದನ್ನು ಯಾರಿಗೂ ಹೇಳಿರುವುದಿಲ್ಲ.

ಆ ಮರದ ಆಕೃತಿಯನ್ನು ಕನ್ನಡದಲ್ಲಿ ಏನೆನ್ನಬೇಕು ಅಂತ ಬಹಳ ಯೋಚಿಸಿದ್ದೇನೆ. ರಾಕ್ಷಸ ಅಂದರೆ ಮಕ್ಕಳಿಗೆ ಗಾಡಿಗಟ್ಟಲೆ ಅನ್ನ ತಿನ್ನುವ ಬಕಾಸುರ ನೆನಪಾಗುತ್ತಾನೆ. ದೆವ್ವ ಅಂದರೆ ಸತ್ತವರು. ನನ್ನ ಗಂಡನ ಮನೆ ಉಡುಪಿ ಕಡೆ. ಮದುವೆಯಾದ ಹೊಸತರಲ್ಲಿ ಅಲ್ಲಿ ಕೋಲ ನೋಡಿದೆ. ಘಟ್ಟದ ಮೇಲಿನವರು ಭೂತ ಅಂದರೆ ಓಡಿಹೋಗುತ್ತೇವೆ. ಅಲ್ಲಿಯವರು ಕರೆದು ಕೂರಿಸುತ್ತಾರೆ. ಜಮೀನಿನ ಜಗಳ, ಅಣ್ಣತಮ್ಮಂದಿರ ಮುನಿಸು, ಮನೆಯೊಳಗೆ ಮುಚ್ಚಿಟ್ಟದ್ದು, ಎಲ್ಲ ಅದರ ಮುಂದೆ ಬರುತ್ತದೆ. ಭೂತ ನುಡಿ ಕೊಡುತ್ತದೆ, ಅದರ ಎದುರು ಸುಳ್ಳು ನಡೆಯುವುದಿಲ್ಲ. ಕಾನರ್ ಮನೆಗೆ ಬಂದದ್ದು ಇಂಥದ್ದೇ. ನೀನು ಕರೆದೆ, ಅದಕ್ಕೇ ಬಂದೆ ಅನ್ನುತ್ತದೆ. ನಾನು ಮೂರು ಕಥೆ ಹೇಳುತ್ತೇನೆ, ನಾಲ್ಕನೆಯದು ನೀನು ಹೇಳಬೇಕು, ಅದು ನೀನು ಬಚ್ಚಿಟ್ಟ ಸತ್ಯವಾಗಿರಬೇಕು ಅನ್ನುತ್ತದೆ. ಆದ್ದರಿಂದ ನಾನು ಇದನ್ನು ಭೂತ ಅಂತಲೇ ಕರೆಯುತ್ತೇನೆ. ಕರಾವಳಿಯವರು ಒಪ್ಪುತ್ತೀರಿ, ಉಳಿದವರು ಹೊಂದಿಸಿಕೊಳ್ಳಿ.

ಭೂತ ಹೇಳುವ ಕಥೆಗಳು ಹುಡುಗನಿಗೆ ಸಿಟ್ಟು ಬರಿಸುತ್ತವೆ. ನನಗೆ ಬಹಳ ಇಷ್ಟವಾದದ್ದೇ ಅದು. ನಾವೆಲ್ಲ ಪಂಚತಂತ್ರದ ಮಕ್ಕಳು. ಕಥೆ ಮುಗಿದ ಕೂಡಲೇ ಕೆಳಗೆ ಗೆರೆ ಎಳೆದು ‘ನೀತಿ’ ಅಂತ ಬರೆಯದಿದ್ದರೆ ನಮಗೆ ಊಟವಾಗಿ ಮಜ್ಜಿಗೆ ಬರಲಿಲ್ಲ ಅನ್ನಿಸುತ್ತದೆ. ಮೊದಲ ಕಥೆ ನೋಡಿ. ಮುದಿ ರಾಜ, ಅವನ ಎಳೆಯ ಎರಡನೇ ರಾಣಿ, ಒಬ್ಬ ಮೊಮ್ಮಗ ರಾಜಕುಮಾರ. ರಾಜ ಸಾಯುತ್ತಾನೆ, ರಾಣಿಯೇ ವಿಷ ಹಾಕಿದಳು ಅಂತ ಊರಲ್ಲಿ ಗುಸುಗುಸು. ರಾಜಕುಮಾರ ತಾನು ಪ್ರೀತಿಸಿದ ರೈತನ ಮಗಳ ಜೊತೆ ಓಡಿಹೋಗುತ್ತಾನೆ, ರಾತ್ರಿ ಯೂ ಮರದ ಕೆಳಗೆ ಮಲಗುತ್ತಾರೆ, ಬೆಳಿಗ್ಗೆ ಹುಡುಗಿ ಕೊಲೆಯಾಗಿದ್ದಾಳೆ. ರಾಣಿಯದೇ ಕೆಲಸ ಅಂತ ಊರು ಎದ್ದು ಅರಮನೆಗೆ ನುಗ್ಗುತ್ತದೆ. ಭೂತವೂ ಹೋಗುತ್ತದೆ, ಆದರೆ ರಾಣಿಯನ್ನು ಎತ್ತಿಕೊಂಡು ಹೋಗಿ ದೂರದಲ್ಲಿ ಬಿಟ್ಟು ಕಾಪಾಡುತ್ತದೆ! ಹುಡುಗಿಯನ್ನು ಕೊಂದವನು ರಾಜಕುಮಾರನೇ. ಜನ ಎದ್ದೇಳಲಿ ಅಂತ ಕೊಂದ. ಹಾಗಾದರೆ ರಾಜಕುಮಾರನಿಗೆ ಶಿಕ್ಷೆಯಾಯಿತಾ? ಇಲ್ಲ. ಬಹಳ ವರ್ಷ ಚೆನ್ನಾಗಿ ರಾಜ್ಯ ಆಳಿದ, ಜನ ಪ್ರೀತಿಸಿದರು.

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಿದಾಗ ಅವರೂ ಕಾನರ್ ಹಾಗೆಯೇ ಜಗಳಕ್ಕೆ ಬಂದರು. “ಹಾಗಾದ್ರೆ ಒಳ್ಳೇವ್ರು ಯಾರು ಟೀಚರ್?” ಅಂತ. ನಾನು ಸುಮ್ಮನಿದ್ದೆ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ನಾನು ಉತ್ತರ ಕೊಡದೆ ಉಳಿದ ದಿನಗಳು ಕಡಿಮೆ. ಆವತ್ತಿನದು ಅದರಲ್ಲಿ ಒಂದು.

ಎರಡನೇ ಕಥೆಗೆ ಬರುವಾಗ ಹುಡುಗ ಅಜ್ಜಿಯ ಮನೆಯಲ್ಲಿದ್ದಾನೆ, ಅಮ್ಮ ಆಸ್ಪತ್ರೆಯಲ್ಲಿ. ಅಜ್ಜಿ ನಮ್ಮ ಕಲ್ಪನೆಯ ಅಜ್ಜಿಯಲ್ಲ. ಸೂಟು ಹಾಕುತ್ತಾಳೆ, ಮನೆ ಮಾರುವ ವ್ಯವಹಾರ ಮಾಡುತ್ತಾಳೆ, ಅವಳ ನಡುಮನೆಯಲ್ಲಿ ಕೂರಲಿಕ್ಕೂ ಹೆದರಿಕೆ. ಅಲ್ಲೊಂದು ಹಳೆಯ ಗಡಿಯಾರ, ಅದು ಅವಳ ಪ್ರಾಣ. ಭೂತ ಕಥೆ ಹೇಳುತ್ತ ಒಬ್ಬ ಪಾದ್ರಿಯ ಮನೆಯನ್ನು ಕೆಡವುತ್ತದೆ, ಬಾ ನೀನೂ ಸೇರು ಅನ್ನುತ್ತದೆ. ಹುಡುಗ ಖುಷಿಯಿಂದ ಒಡೆಯುತ್ತಾನೆ, ಕಿರುಚುತ್ತಾನೆ, ಕಿತ್ತು ಹಾಕುತ್ತಾನೆ. ಎಚ್ಚರವಾದಾಗ ನೋಡಿದರೆ ಪುಡಿಯಾಗಿರುವುದು ಅಜ್ಜಿಯ ನಡುಮನೆ. ಅಜ್ಜಿ ಬಾಗಿಲು ತೆಗೆದು ಒಳಗೆ ಬರುತ್ತಾಳೆ.

ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋದೆ, ಮೊದಲ ಸಲ ಓದುವಾಗ. ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಹುಡುಗ ಕಾಯುತ್ತಿದ್ದಾನೆ. ಅಜ್ಜಿ ಬೈಯುವುದಿಲ್ಲ. ಗಂಟಲಿನಿಂದ ಏನೋ ಒಂದು ಶಬ್ದ ಬರುತ್ತದೆ. ಆಮೇಲೆ ಅವಳು ನಡೆದು ಹೋಗಿ, ಕೋಣೆಯಲ್ಲಿ ಒಡೆಯದೆ ಉಳಿದಿದ್ದ ಒಂದೇ ಒಂದು ಕಪಾಟನ್ನು ತಾನೇ ಎಳೆದು ಕೆಡವುತ್ತಾಳೆ. ಮರುದಿನ ಅಮೆರಿಕದಿಂದ ಬಂದಿದ್ದ ಅಪ್ಪನಾಗಲಿ, ಶಾಲೆಯಲ್ಲಿ ತನ್ನನ್ನು ಪೀಡಿಸುತ್ತಿದ್ದ ಹುಡುಗನೊಬ್ಬನನ್ನು ಕಾನರ್ ಆಸ್ಪತ್ರೆ ಸೇರುವಷ್ಟು ಹೊಡೆದಾಗ ಹೆಡ್‌ಮಿಸ್ ಆಗಲಿ, ಯಾರೂ ಶಿಕ್ಷೆ ಕೊಡುವುದಿಲ್ಲ. ಕೊಟ್ಟು ಏನು ಪ್ರಯೋಜನ ಅನ್ನುತ್ತಾರೆ. ಇಡೀ ಪುಸ್ತಕದಲ್ಲಿ ಅವನಿಗೆ ಅತ್ಯಂತ ಭಯಂಕರವಾಗಿ ಕೇಳಿಸುವ ಮಾತು ಇದು.

ಏಕೆಂದರೆ ಮಕ್ಕಳಿಗೆ ಸುದ್ದಿ ಗೊತ್ತಾಗುವುದೇ ಹೀಗೆ. ನನಗೆ ಗೊತ್ತಾದದ್ದು ತುಪ್ಪದಿಂದ.

ನಾನು ಆಗ ಎಂಟನೇ ಕ್ಲಾಸು. ಅಪ್ಪನಿಗೆ ಹುಷಾರಿರಲಿಲ್ಲ. ಏನು ಅಂತ ಯಾರೂ ಹೆಸರು ಹೇಳುತ್ತಿರಲಿಲ್ಲ, ‘ಆ ಕಾಯಿಲೆ’ ಅಷ್ಟೆ. ನಾವು ಹತ್ತಿರ ಬಂದರೆ ದೊಡ್ಡವರ ಮಾತು ಅಡಿಕೆ ಧಾರಣೆಗೆ ತಿರುಗುತ್ತಿತ್ತು. ‘ಬೆಂಗಳೂರಿಗೆ ತೋರಿಸೋಕೆ’ ಕರೆದುಕೊಂಡು ಹೋದರು, ನನ್ನನ್ನು ಸೋದರತ್ತೆಯ ಮನೆಗೆ ಕಳಿಸಿದರು. ಅತ್ತೆ ಲೆಕ್ಕದ ಹೆಂಗಸು. ಅವರ ಮನೆಯಲ್ಲಿ ತುಪ್ಪ ಎಂದರೆ ಅನ್ನದ ತುದಿಗೆ ಒಂದು ಹನಿ. ಒಂದು ಮಧ್ಯಾಹ್ನ ಅವರು ನನ್ನ ಎಲೆಗೆ ಒಂದು ಚಮಚ ತುಪ್ಪ ಹಾಕಿದರು. ಇನ್ನೊಂದು ಚಮಚ ಹಾಕಿದರು. ಅವರ ಮಕ್ಕಳಿಗೆ ಹಾಕಲಿಲ್ಲ. ಆ ಮಕ್ಕಳೂ ಕೇಳಲಿಲ್ಲ. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಫೋನ್ ಬಂದದ್ದು ಮೂರು ದಿನ ಆದ ಮೇಲೆ, “ಅಪ್ಪನಿಗೆ ಸ್ವಲ್ಪ ಜೋರಾಗಿದೆ, ಹೊರಡು” ಅಂತ. ಜೋರಾಗಿದೆ ಅಂದರೆ ಮುಗಿದಿದೆ ಅಂತ ಆಗಲೇ ನಮಗೆಲ್ಲ ಗೊತ್ತಿತ್ತಲ್ಲ.

ಅವರನ್ನು ದೂರುತ್ತಿಲ್ಲ. ಮಗು ಇನ್ನೊಂದು ವಾರ ಆಡಿಕೊಂಡಿರಲಿ ಅನ್ನುವ ಆಸೆಯಿಂದ ಮುಚ್ಚಿಟ್ಟರು. ಆದರೆ ಮಗು ಆಡಿಕೊಂಡಿರುವುದಿಲ್ಲ. ಗೊತ್ತಿಲ್ಲದವರ ಹಾಗೆ ನಟಿಸುವ ಕೆಲಸ ಅದರ ಮೇಲೆ ಬೀಳುತ್ತದೆ.

ಕಾನರ್ ಮನೆಯಲ್ಲಿಯೂ ಇದೇ. ಅಮ್ಮ ಪ್ರತಿ ಸಲವೂ ಹೊಸ ಔಷಧಿ ಶುರುವಾಗಿದೆ, ಇದು ಹಿಡಿಯುತ್ತದೆ ಅನ್ನುತ್ತಾಳೆ. ಕೊನೆಯ ಔಷಧಿ ಯೂ ಮರದಿಂದ ಮಾಡಿದ್ದು. ಹುಡುಗನಿಗೆ ಜೀವ ಬರುತ್ತದೆ, ಭೂತ ಬಂದಿರುವುದು ಅಮ್ಮನನ್ನು ಉಳಿಸಲಿಕ್ಕೇ ಅಂದುಕೊಳ್ಳುತ್ತಾನೆ. ಇದು ಲೇಖಕ ಹೊಸೆದ ಮಾತಲ್ಲ. ಯೂ ಮರ ವಿಷದ ಮರ, ಎಲೆ ಬೀಜ ಎಲ್ಲ ವಿಷ, ಇಂಗ್ಲೆಂಡಿನ ಹಳೆಯ ಸ್ಮಶಾನಗಳಲ್ಲಿ ಸಾಮಾನ್ಯ. ಅದೇ ಜಾತಿಯ ಅಮೆರಿಕದ ಮರವೊಂದರ ತೊಗಟೆಯನ್ನು 1962ರಲ್ಲಿ ಪರೀಕ್ಷೆಗೆಂದು ತಂದರು. ಅದರೊಳಗಿನ ಟ್ಯಾಕ್ಸಾಲ್ ಎನ್ನುವ ವಸ್ತುವನ್ನು ಬೇರ್ಪಡಿಸಿ, ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಮನ್ರೋ ವಾಲ್ ಜೊತೆಗೆ ಮನ್ಸುಖ್ ವಾನಿ ಇದ್ದರು. ವಾನಿ ಮಹಾರಾಷ್ಟ್ರದ ನಂದೂರ್ಬಾರಿನಲ್ಲಿ ಹುಟ್ಟಿದವರು. 1992ರಲ್ಲಿ ಅಮೆರಿಕದಲ್ಲಿ ಅದು ಔಷಧಿಯಾಗಿ ಒಪ್ಪಿಗೆ ಪಡೆಯಿತು. ಇವತ್ತು ನಮ್ಮ ಆಸ್ಪತ್ರೆಗಳಲ್ಲಿಯೂ ಕೊಡುತ್ತಾರೆ. ಎಷ್ಟೋ ಜನರನ್ನು ಉಳಿಸಿದೆ. ಕಾನರ್‌ನ ಅಮ್ಮನನ್ನು ಉಳಿಸುವುದಿಲ್ಲ. ಸತ್ಯವಾದ ಔಷಧಿ, ಸತ್ಯವಾದ ಆಸೆ, ಆದರೂ ಆಗುವುದಿಲ್ಲ. ಪವಾಡದ ಔಷಧಿ ಇಟ್ಟು ಆಮೇಲೆ ಕಸಿದುಕೊಂಡಿದ್ದರೆ ಅದು ಮೋಸವಾಗುತ್ತಿತ್ತು.

(ಇಲ್ಲಿ ಕರೆಂಟ್ ಹೋಯಿತು.)

ಈಗ ನಾಲ್ಕನೆಯ ಕಥೆ. ಆ ಕೆಟ್ಟ ಕನಸಿನಲ್ಲಿ ನೆಲ ಕುಸಿದು ಅಮ್ಮ ಪ್ರಪಾತದ ಅಂಚಿನಿಂದ ಜಾರುತ್ತಿದ್ದಾಳೆ. ಕಾನರ್ ಅವಳ ಎರಡೂ ಕೈ ಹಿಡಿದಿದ್ದಾನೆ. ಭಾರ ಹೆಚ್ಚುತ್ತ ಹೋಗುತ್ತದೆ. ಅವಳು ಜಾರಿ ಬೀಳುತ್ತಾಳೆ. ನಿಜ ಹೇಳು ಅನ್ನುತ್ತದೆ ಭೂತ. ಜಾರಿದಳು ಅನ್ನುತ್ತಾನೆ. ನಿಜ ಹೇಳು. ಕೊನೆಗೆ ಹೇಳುತ್ತಾನೆ: ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಳ್ಳಬಹುದಿತ್ತು, ನಾನೇ ಕೈ ಬಿಟ್ಟೆ. ಅವಳು ಉಳಿಯುವುದಿಲ್ಲ ಅಂತ ಮೊದಲಿಂದ ಗೊತ್ತಿತ್ತು, ಕಾಯುವುದು ತಡೆಯಲಾಗಲಿಲ್ಲ, ಇದೆಲ್ಲ ಮುಗಿದುಬಿಡಲಿ ಅನ್ನಿಸಿತು.

ಗುಟ್ಟು ಇಷ್ಟೇ. ಮನೆಯವರೆಲ್ಲ ಅವನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತ ನಾವು ಓದುತ್ತ ಬಂದಿರುತ್ತೇವೆ. ತಿರುಗಿ ನೋಡಿದರೆ ಮುಚ್ಚಿಟ್ಟವನು ಹುಡುಗ. ಶಾಲೆಯಲ್ಲಿ ಹೊಡೆಸಿಕೊಳ್ಳುತ್ತಿದ್ದದ್ದು, ಶಿಕ್ಷೆಗಾಗಿ ಹಾತೊರೆಯುತ್ತಿದ್ದದ್ದು, ಎಲ್ಲಕ್ಕೂ ಕಾರಣ ಆಗ ಕಾಣುತ್ತದೆ. ತಾನು ಶಿಕ್ಷೆಗೆ ಅರ್ಹ ಅಂತ ಅವನು ತೀರ್ಪು ಕೊಟ್ಟುಕೊಂಡು ಆಗಿದೆ, ಜಾರಿ ಮಾಡುವವರು ಮಾತ್ರ ಸಿಗುತ್ತಿಲ್ಲ.

ದುಃಖ ಮತ್ತು ಮನೆತನದ ಗುಟ್ಟು ಒಟ್ಟಿಗೆ ಬರುವುದು ನಮಗೆ ಹೊಸದಲ್ಲ. ಯುದ್ಧವೆಲ್ಲ ಮುಗಿದು, ಸತ್ತವರಿಗೆ ತರ್ಪಣ ಬಿಡುವ ಹೊತ್ತಿಗೆ ಕುಂತಿ ಬಾಯಿ ಬಿಡುತ್ತಾಳೆ, ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ ಅಂತ. ಧರ್ಮರಾಯನ ದುಃಖ ಸಿಟ್ಟಾಗಿ ಹೆಂಗಸರ ಮೇಲೆ ಶಾಪವಾಗುತ್ತದೆ. ಗುಟ್ಟು ನಿಮ್ಮ ಬಾಯಲ್ಲಿ ನಿಲ್ಲದಿರಲಿ ಅಂತ! (ಹಿಂದಿನ ಸಾಲಿನ ಹೆಂಗಸರು ನಗುತ್ತಿದ್ದಾರೆ.) ಆದರೆ ಅಲ್ಲಿ ಗುಟ್ಟು ದೊಡ್ಡವರದು, ನಡೆದುಹೋದ ಒಂದು ಸಂಗತಿ. ಸಾಕ್ಷಿ ಹುಡುಕಬಹುದು. ಈ ಹುಡುಗನದು ಮನಸ್ಸಿನಲ್ಲಿ ಒಂದು ಕ್ಷಣ ಬಂದು ಹೋದ ಯೋಚನೆ. ಅದಕ್ಕೆ ಸಾಕ್ಷಿ ಅವನೊಬ್ಬನೇ. ಅದಕ್ಕೇ ಹೊರಲಿಕ್ಕೆ ಅಷ್ಟು ಭಾರ.

ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವ ಮೊದಲು ಎಷ್ಟೋ ರಾತ್ರಿ ಅವರು ಒಳಕೋಣೆಯಲ್ಲಿ ನರಳುತ್ತಿದ್ದರು. ನಾನು ಕಂಬಳಿಯನ್ನು ಕಿವಿಗೆ ಒತ್ತಿಕೊಂಡು ಮಲಗುತ್ತಿದ್ದೆ. ಒಂದು ರಾತ್ರಿ ನನಗೂ ಹಾಗೆ ಅನ್ನಿಸಿತ್ತು. ನಲವತ್ತು ವರ್ಷ ಅದನ್ನು ಅಮ್ಮನಿಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಅನುವಾದ ಮಾಡೋಣ ಅಂತ ತೆಗೆದುಕೊಂಡ ಒಂದು ಮಕ್ಕಳ ಪುಸ್ತಕ ಅದನ್ನು ಇಲ್ಲಿ ನಿಮ್ಮ ಮುಂದೆ ಹೇಳಿಸುತ್ತಿದೆ.

ಭೂತ ಅವನಿಗೆ ಕ್ಷಮೆ ಕೊಡುವುದಿಲ್ಲ, ತಪ್ಪಿಲ್ಲ ಅಂತ ತಲೆ ಸವರುವುದೂ ಇಲ್ಲ. ಮನಸ್ಸು ಒಂದೇ ದಿನದಲ್ಲಿ ನೂರು ಸಲ ತನ್ನನ್ನೇ ಅಲ್ಲಗಳೆಯುತ್ತದೆ ಅನ್ನುತ್ತದೆ. ಅಮ್ಮ ಹೋಗಲಿ ಅಂತಲೂ, ಅಮ್ಮ ಉಳಿಯಲಿ ಅಂತಲೂ ಒಂದೇ ಹೊಟ್ಟೆಯಲ್ಲಿ ಇರಬಹುದು. ಏನು ಯೋಚಿಸಿದೆ ಅನ್ನುವುದಕ್ಕಿಂತ ಏನು ಮಾಡುತ್ತೀ ಅನ್ನುವುದು ಮುಖ್ಯ. ಈಗ ಮಾಡಬೇಕಾದದ್ದು ಆಸ್ಪತ್ರೆಗೆ ಹೋಗಿ ಅಮ್ಮನಿಗೆ ನಿಜ ಹೇಳುವುದು. ಆಗ ಮೊದಲ ಕಥೆಯ ರಾಜಕುಮಾರ ನೆನಪಾಗುತ್ತಾನೆ. ಒಬ್ಬನೇ ಮನುಷ್ಯ ಕೊಲೆಗಾರನೂ ಒಳ್ಳೆಯ ರಾಜನೂ ಆಗಿದ್ದನಲ್ಲ. ಉತ್ತರ ಕೊಡದೆ ಬಿಟ್ಟ ಕಥೆ ಇಲ್ಲಿ ಬಂದು ಕೂಡುತ್ತದೆ.

ಪುಸ್ತಕದಲ್ಲಿ ನನಗೆ ಹಿಡಿಸದ್ದೂ ಇದೆ. ಅಪ್ಪನ ಪಾತ್ರ ತೆಳು, ವಿಮಾನ ಹತ್ತಿ ಬಂದು ವಿಮಾನ ಹತ್ತಿ ಹೋಗುತ್ತಾನೆ. ಯಾರಿಗೂ ಕಾಣದ ಮನುಷ್ಯನ ಮೂರನೇ ಕಥೆ ಕಥೆಯೇ ಅಲ್ಲ, ಎರಡು ಹೆಜ್ಜೆ ಹಾಕಿ ನಿಂತುಬಿಡುತ್ತದೆ. ಶಾಲೆಯಲ್ಲಿ ಪೀಡಿಸುವ ಹುಡುಗರು ಎಲ್ಲ ಇಂಗ್ಲಿಷ್ ಕಾದಂಬರಿಗಳಲ್ಲೂ ಇರುವ ಹುಡುಗರೇ. 2016ರಲ್ಲಿ ಸಿನಿಮಾ ಕೂಡ ಬಂತು. ಮರವನ್ನು ಅಷ್ಟು ಸ್ಪಷ್ಟವಾಗಿ ತೋರಿಸಬಾರದಿತ್ತು. ಪುಸ್ತಕದ ಮಸಿಯ ಚಿತ್ರಗಳಲ್ಲಿ ಅರ್ಧ ಮರ, ಅರ್ಧ ಕತ್ತಲೆ.

ತರಗತಿಯಲ್ಲಿ ಈ ಕಥೆ ಹೇಳಿ ಮುಗಿಸಿದ ದಿನ ಒಬ್ಬ ಹುಡುಗ ಕೇಳಿದ: “ಅವನ ಅಮ್ಮ ಮೊದಲೇ ಯಾಕೆ ಹೇಳ್ಲಿಲ್ಲ ಟೀಚರ್? ಪುಣ್ಯಕೋಟಿ ಹೇಳ್ತಲ್ಲ?”

ನಾನು ತಬ್ಬಿಬ್ಬಾದೆ. ಗೋವಿನ ಹಾಡನ್ನು ಎಷ್ಟು ವರ್ಷ ಪಾಠ ಮಾಡಿದ್ದೇನೆ! ಸತ್ಯ, ಕೊಟ್ಟ ಮಾತು, ಹುಲಿ ಮನಸ್ಸು ಕರಗಿದ್ದು, ಪರೀಕ್ಷೆಗೆ ಇದೇ. ಹುಡುಗ ಹಿಡಿದದ್ದು ಬೇರೆ. ಹುಲಿಯಿಂದ ಅಪ್ಪಣೆ ಪಡೆದು ದೊಡ್ಡಿಗೆ ಬಂದ ಹಸು ಕರುವಿಗೆ ಮೇಯಲು ಹೋಗಿಬರುತ್ತೇನೆ ಅಂತ ಹೇಳುವುದಿಲ್ಲ. ನೀನು ತಬ್ಬಲಿಯಾದೆ ಮಗನೆ, ನಾನು ಹುಲಿಯ ಬಾಯಿಗೆ ಹೋಗುತ್ತಿದ್ದೇನೆ, ನಮ್ಮಿಬ್ಬರ ಋಣ ತೀರಿತು ಅನ್ನುತ್ತದೆ. ಕಂದನನ್ನು ತಬ್ಬಿಕೊಳ್ಳುತ್ತದೆ. ಕರು ಏನನ್ನು ಕೇಳಬೇಕೋ ಎಲ್ಲ ಕೇಳುತ್ತದೆ. ಸುಮ್ಮನೆ ಇಲ್ಲೇ ಇದ್ದುಬಿಡು ಅನ್ನುತ್ತದೆ. ಯಾರ ಮೊಲೆ ಕುಡಿಯಲಿ, ಯಾರ ಪಕ್ಕ ಮಲಗಲಿ ಅನ್ನುತ್ತದೆ. ಹಸು ಉಳಿದ ಹಸುಗಳನ್ನು ಕರೆದು, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ ಒಪ್ಪಿಸುತ್ತದೆ. ಸಾಯುವ ತಾಯಿ ಮಗುವಿನ ಎದುರಿಗೇ ಕೂತು ಮುಂದಿನ ವ್ಯವಸ್ಥೆ ಮಾತಾಡುವುದನ್ನು ನಾವು ಐದಾರು ವರ್ಷದ ಮಕ್ಕಳಿಗೆ ರಾಗವಾಗಿ ಹಾಡಿ ಹೇಳುತ್ತೇವೆ. ಅದೇ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ, “ಮಕ್ಕಳ ಮುಂದೆ ಬೇಡ” ಅನ್ನುತ್ತೇವೆ.

ನೆಸ್ ಪುಸ್ತಕದ ಅಮ್ಮನೂ ಕೊನೆಗೆ ಹೇಳುತ್ತಾಳೆ, ತಡವಾಗಿ. ನಿನಗೆ ಸಿಟ್ಟು ಬಂದರೂ ಪರವಾಗಿಲ್ಲ, ಒಡೆಯಬೇಕು ಅನ್ನಿಸಿದರೆ ಒಡೆ ಅನ್ನುತ್ತಾಳೆ. ಕೊನೆಯ ಪುಟದಲ್ಲಿ ಹುಡುಗ ಅವಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾನೆ. ನೀನು ಹೋಗುವುದು ನನಗಿಷ್ಟವಿಲ್ಲ ಅಂತ ಹೇಳಿ ಆಗಿದೆ. ಕೋಣೆಯಲ್ಲಿ ಅಜ್ಜಿ ಇದ್ದಾಳೆ, ಹಿಂದೆ ಭೂತ ಇದೆ. ಗಡಿಯಾರ 12 ಗಂಟೆ 7 ನಿಮಿಷದ ಕಡೆಗೆ ಹೋಗುತ್ತಿದೆ. ಸಾವು ಪುಟದ ಮೇಲೆ ನಡೆಯುವುದಿಲ್ಲ.

ಪ್ರಶ್ನೆಗೆ ಅವಕಾಶ ಅಂದಾಗ ದೊಡ್ಡವರೆಲ್ಲ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿ ಕೇಳಿದರು: ಸೂತಕದ ಮನೆಯ ಮಗುವಿಗೆ ಈ ಪುಸ್ತಕ ಕೊಡಬಹುದಾ? ನಾನಾಗಿದ್ದರೆ ಕೈಗೆ ಕೊಡುವುದಿಲ್ಲ, ಕೈಗೆಟಕುವಲ್ಲಿ ಇಟ್ಟಿರುತ್ತೇನೆ ಅಂದೆ. ಕನ್ನಡದಲ್ಲಿ ಯಾವಾಗ ತರುತ್ತೀರಿ ಅಂತ ಒಬ್ಬರು ಕೇಳಿದರು. ‘ಭೂತ’ ಅನ್ನುವ ಒಂದು ಶಬ್ದ ಗಟ್ಟಿಯಾಗಿದೆ, ಉಳಿದದ್ದು ಬಾಕಿ ಇದೆ ಅಂದೆ.

ಹಿಂದಿನ ಸಾಲಿನಲ್ಲಿ ಅಜ್ಜನ ಜೊತೆ ಬಂದಿದ್ದ ಒಬ್ಬ ಹುಡುಗ, ಹನ್ನೊಂದು ಹನ್ನೆರಡು ವರ್ಷ ಇರಬಹುದು, ಕೈ ಎತ್ತಿದ. ಇಷ್ಟೆಲ್ಲ ಹೇಳಿದ ಮೇಲೂ ಕೇಳಿದ: “ನಿಜವಾಗ್ಲೂ ಆ ಅಮ್ಮ ಸಾಯ್ತಾಳಾ?”

ಅಜ್ಜ ಅವನ ಬೆನ್ನು ತಟ್ಟಿ, “ಇಲ್ಲ ಪುಟ್ಟಾ, ಗುಣ ಆಗ್ತಾಳೆ ಬಿಡು” ಅಂದರು.

ನಾನು “ಸಾಯ್ತಾಳೆ” ಅಂದೆ.

ಸಭೆ ಸುಮ್ಮನಾಯಿತು. ಹುಡುಗ ಅಜ್ಜನ ಮುಖ ನೋಡಿದ, ನನ್ನ ಮುಖ ನೋಡಿದ.

“ಚಿತ್ರ ಇದೆ ಅಂದ್ರಲ್ಲ, ನೋಡ್ಬಹುದಾ?” ಅಂದ.

ಎದ್ದು ಮುಂದೆ ಬಂದ. ಪುಸ್ತಕ ಬಿಚ್ಚಿ ಕೊಟ್ಟೆ.